ನಾಲ್ಕು ಗೂಟ, ಒಂದು ಹಗ್ಗ ಮತ್ತು ನಮ್ಮ ಎರಡನೇ ಶನಿವಾರ

ಹೋದ ವಾರ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು, "ಮೇಡಂ, ತಿಂಗಳಿಗೊಂದ್ಸಲ ದುರ್ಗಿಗುಡಿಯಲ್ಲಿ ಸ್ಟ್ಯಾಟಿಸ್ಟಿಕ್ಸ್‌ನವರೆಲ್ಲ ಸೇರ್ತೀರಂತಲ್ಲ, ಅಲ್ಲಿ ಸರ್ಟಿಫಿಕೇಟ್ ಕೊಡ್ತಾರಾ?" ಇಲ್ಲ ಅಂದೆ. "ಮತ್ಯಾಕೆ ಹೋಗ್ತೀರಿ?" ಅಂದರು. ಅಷ್ಟರಲ್ಲಿ ಬೆಲ್ ಆಯಿತು, ಇಬ್ಬರೂ ಕ್ಲಾಸಿಗೆ ಹೋದೆವು. ಅವರಿಗೆ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಶಿವಮೊಗ್ಗದಲ್ಲಿ 18 ವರ್ಷದಿಂದ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಈ ಊರಲ್ಲಿ ನಮ್ಮ ವಿಷಯದವರು ಬೆರಳೆಣಿಕೆಯಷ್ಟು ಅಂತಲೇ ಬಹಳ ಕಾಲ ನಂಬಿದ್ದೆ. ಕಾಲೇಜಿಗೆ ಒಬ್ಬರೋ ಇಬ್ಬರೋ ಇರುತ್ತೇವೆ. ಪರೀಕ್ಷೆ ಪೇಪರ್ ತಿದ್ದುವಾಗ ಸಿಗುತ್ತೇವೆ, ಮತ್ತೆ ಮುಂದಿನ ವರ್ಷವೇ. ಆದರೆ ಒಂದು ದಿನ ಕೂತು ಪಟ್ಟಿ ಮಾಡಿದಾಗ ನನಗೇ ಆಶ್ಚರ್ಯ ಆಯಿತು. ಜಿಲ್ಲಾ ಸಾಂಖ್ಯಿಕ ಕಚೇರಿಯವರು ಇದ್ದಾರೆ. ತಾಲ್ಲೂಕುಗಳಲ್ಲಿ ಬೆಳೆ ಕಟಾವು ಪ್ರಯೋಗ, ಅಂದರೆ ಗದ್ದೆಯ ಒಂದು ಸಣ್ಣ ತುಂಡು ಕೊಯ್ದು ತೂಗಿ ಇಳುವರಿ ಅಂದಾಜು ಮಾಡುವ ಕೆಲಸ, ಮಾಡುವವರು ಇದ್ದಾರೆ. ಮೆಡಿಕಲ್ ಕಾಲೇಜಿನಲ್ಲಿ ರೋಗಿಗಳ ಅಂಕಿ ನೋಡುವವರು, ಕೃಷಿ ವಿಶ್ವವಿದ್ಯಾಲಯದಲ್ಲಿ ತಾಕುಗಳ ಇಳುವರಿ ಲೆಕ್ಕ ಹಾಕುವವರು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗರು, ಬ್ಯಾಂಕಿನವರು, ವಿಮೆಯವರು. ಸಾಗರದ ಮನೆ ಜಗಲಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಡೇಟಾ ಕೆಲಸ ಮಾಡುವವರೂ ಇದ್ದಾರೆ. ಜನ ಇದ್ದರು. ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ, ಅಷ್ಟೇ.

ಬೆಂಗಳೂರಿನ ವರ್ಕ್‌ಶಾಪ್‌ಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಬಡ್ತಿಗೆ ರಿಫ್ರೆಶರ್ ಕೋರ್ಸ್ ಬೇಕು, ಅದೂ ಗೊತ್ತು. ಆದರೆ ಒಂದು ಅನುಭವ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಡೆ ಎರಡು ದಿನದ ಕಾರ್ಯಾಗಾರಕ್ಕೆ ಹೋಗಿದ್ದೆ. ರಾತ್ರಿ ಬಸ್ಸು, ಸುಮಾರು 300 ಕಿಲೋಮೀಟರ್. ಬೆಳಿಗ್ಗೆ 10ಕ್ಕೆ ಶುರುವಾದ ಉದ್ಘಾಟನೆ 12 ದಾಟಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಊಟದ ನಂತರ ಒಂದರ ಹಿಂದೆ ಒಂದು ಸ್ಲೈಡು. ಎರಡು ಸಲ ಕೈ ಎತ್ತಿದೆ, ಸಮಯ ಇಲ್ಲ ಅಂದರು. ಗ್ರೂಪ್ ಫೋಟೋಗೆ ಅರ್ಧ ಗಂಟೆ ಸಿಕ್ಕಿತು. ನನ್ನ ವಿದ್ಯಾರ್ಥಿಯೊಬ್ಬಳ ಪ್ರಾಜೆಕ್ಟಿನಲ್ಲಿ ಬಂದ ಒಂದು ತೊಡಕನ್ನು ಬರೆದುಕೊಂಡು ಹೋಗಿದ್ದೆ. ಆ ಹಾಳೆ ಮಡಚಿದ ಹಾಗೇ ವಾಪಸ್ ಬಂತು. ಬಸ್ಸಿನಲ್ಲಿ ಕೂತಾಗ ಅಳು ಬರುವಷ್ಟು ಬೇಜಾರಾಗಿತ್ತು.

ನಮ್ಮ ಕೂಟ ಶುರುವಾಗಿದ್ದು ಅದಾದ ಮೇಲೆ, ನಾಲ್ಕು ಜನರಿಂದ. ಸ್ನೇಹಿತರೊಬ್ಬರ ಟ್ಯೂಷನ್ ಕೋಣೆ, ಒಂದು ಬೋರ್ಡು, ಹನ್ನೆರಡು ಕುರ್ಚಿ. ಎರಡನೇ ಶನಿವಾರ ಸರ್ಕಾರಿ ರಜೆ, ಹಾಗಾಗಿ ಆ ದಿನ. ನಾಲ್ಕೇ ಜನ ಅಂತ ಮೊದಮೊದಲು ಮುಜುಗರ ಇತ್ತು. ಆಮೇಲೆ ನೆನಪಾಯಿತು, ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ದೊಡ್ಡ ಸಂಘ 1839ರಲ್ಲಿ ಬೋಸ್ಟನ್‌ನಲ್ಲಿ ಶುರುವಾದಾಗ ಸೇರಿದ್ದವರು ಐದು ಜನ. ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐ ಕೂಡ 1931ರಲ್ಲಿ ಹುಟ್ಟಿದ್ದು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಅವರ ಭೌತಶಾಸ್ತ್ರ ವಿಭಾಗದಲ್ಲಿದ್ದ ಸಣ್ಣ ಪ್ರಯೋಗಾಲಯದಿಂದ. ಜಾಗ ಸಣ್ಣದು ಅನ್ನುವ ಚಿಂತೆ ಅಲ್ಲಿಗೆ ಬಿಟ್ಟೆ.

ಎರಡನೇ ಸಲ ಸೇರಿದಾಗ ತೀರ್ಥಹಳ್ಳಿ ಕಡೆಯಿಂದ ಒಬ್ಬರು ಬಂದರು. ಬೆಳೆ ಕಟಾವು ಪ್ರಯೋಗ ಮಾಡುವವರು. ಭಾಷಣಕ್ಕೆ ಅಂತ ಕರೆದಿರಲಿಲ್ಲ, ನಿಮ್ಮ ಕೆಲಸ ಏನು ಹೇಳಿ ಸರ್ ಅಂದೆವು. ಅವರು ಚೀಲ ಬಿಚ್ಚಿ ಮೇಜಿನ ಮೇಲೆ ಇಟ್ಟರು. ನಾಲ್ಕು ಕಬ್ಬಿಣದ ಗೂಟ. ಒಂದು ನೈಲಾನ್ ಹಗ್ಗ. ಒಂದು ತೂಕದ ಕೊಕ್ಕೆ. ಹಗ್ಗದಲ್ಲಿ 5 ಮೀಟರಿಗೆ ಕೆಂಪು ಬಟ್ಟೆ ಕಟ್ಟಿತ್ತು. ಇನ್ನೊಂದು ಕಡೆ 7 ಮೀಟರ್ 7 ಸೆಂಟಿಮೀಟರಿಗೆ ಹಳದಿ ಬಟ್ಟೆ. ಹಳದಿ ಯಾಕೆ ಅಂತ ಕೇಳಿದೆ. "ಮೇಡಂ, ನಾಲ್ಕು ಬದಿ ಐದೈದು ಮೀಟರ್ ಇದ್ದ ಮಾತ್ರಕ್ಕೆ ಚೌಕ ಆಗಲ್ಲ, ಓರೆ ಆಗಬಹುದು. ಮೂಲೆಯಿಂದ ಮೂಲೆಗೆ 7.07 ಬಂದ್ರೆ ಮಾತ್ರ ಚೌಕ" ಅಂದರು. ಪೈಥಾಗೊರಸ್ ಪ್ರಮೇಯ ಆ ಹಳದಿ ಬಟ್ಟೆಯಲ್ಲಿತ್ತು.

ಆ ನವೆಂಬರಿನಲ್ಲಿ ಅವರು ನಮ್ಮನ್ನು ಗದ್ದೆಗೇ ಕರೆದುಕೊಂಡು ಹೋದರು. ಯಾವ ಸರ್ವೆ ನಂಬರ್ ಅಂತ ಮೊದಲೇ ಆಯ್ಕೆಯಾಗಿ ಬಂದಿರುತ್ತದೆ. ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಲ್ಲಬೇಕು. ಒಂದು ರ‍್ಯಾಂಡಮ್ ನಂಬರ್ (ಚೀಟಿ ಎತ್ತಿದ ಹಾಗೆ ಬರುವ ಸಂಖ್ಯೆ) ಎಷ್ಟೋ ಅಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದು ಎಷ್ಟೋ ಅಷ್ಟು ಹೆಜ್ಜೆ ಅಗಲಕ್ಕೆ. ನಿಂತಲ್ಲಿ ಮೊದಲ ಗೂಟ. ಗದ್ದೆಯ ಯಜಮಾನರು ನಮ್ಮ ಹಿಂದೆಯೇ ಬರುತ್ತಿದ್ದರು. "ಇಲ್ಲಿ ಬೇಡ ಮಾರಾಯ್ರೇ, ಇಲ್ಲಿ ಪೈರು ಚೆನ್ನಾಗಿದೆ. ಆಚೆ ಹಂದಿ ನುಗ್ಗಿ ಹಾಳು ಮಾಡಿದೆ ನೋಡಿ, ಅಲ್ಲಿ ಕೊಯ್ಯಿರಿ" ಅಂದರು. ಅವರ ಮಾತಿನಲ್ಲಿ ಮೋಸ ಇರಲಿಲ್ಲ. ನಷ್ಟ ಆದವರು ನಷ್ಟ ಆದ ಜಾಗವನ್ನೇ ತಾನೇ ತೋರಿಸುವುದು? ನಮ್ಮ ಸರ್ ಮೆತ್ತಗೆ ಹೇಳಿದರು, "ಯಜಮಾನ್ರೇ, ಜಾಗ ಆರಿಸೋದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ನಂಬರ್ ಎಲ್ಲಿ ನಿಲ್ಲಿಸ್ತೋ ಅಲ್ಲೇ."

ರ‍್ಯಾಂಡಮ್ ನಂಬರ್ ಟೇಬಲ್ ಅನ್ನು ನಾನು ಎಷ್ಟು ಬ್ಯಾಚಿಗೆ ಪಾಠ ಮಾಡಿದ್ದೇನೋ ಲೆಕ್ಕ ಇಲ್ಲ. ಅದು ಒಬ್ಬ ನೌಕರನನ್ನು ಒತ್ತಾಯದಿಂದ, ದಾಕ್ಷಿಣ್ಯದಿಂದ, ತನ್ನದೇ ಮರುಕದಿಂದಲೂ ಕಾಪಾಡುತ್ತದೆ ಅಂತ ಕಂಡಿದ್ದು ಆ ಬದುವಿನ ಮೇಲೆ ನಿಂತಾಗ.

ಕೊಯ್ದರು, ಬಡಿದರು, ತೂಗಿದರು. 25 ಚದರ ಮೀಟರ್ ಜಾಗದ ಭತ್ತ. ಹೆಕ್ಟೇರಿನ ಲೆಕ್ಕಕ್ಕೆ ಅದನ್ನು 400ರಿಂದ ಗುಣಿಸಬೇಕು. ಅಂದರೆ ತೂಕದಲ್ಲಿ 100 ಗ್ರಾಂ ಹೆಚ್ಚುಕಮ್ಮಿ ಆದರೆ ಹೆಕ್ಟೇರಿಗೆ 40 ಕೆಜಿ ವ್ಯತ್ಯಾಸ. ಮಲೆನಾಡಲ್ಲಿ ನವೆಂಬರಿನಲ್ಲೂ ಮಳೆ ಹನಿಯುತ್ತದೆ, ಭತ್ತ ಹಸಿ ಇರುತ್ತದೆ. ಒಣಗಿಸಿ ಮತ್ತೆ ತೂಗದೇ ಇದ್ದರೆ ನೀರನ್ನೂ ಇಳುವರಿ ಅಂತ ಬರೆದ ಹಾಗೆ.

ಮುಂದಿನ ಶನಿವಾರ ನನ್ನ ಸರದಿ. ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ 4 ಪ್ರಯೋಗ. ಮುಖ್ಯವಾಗಿ ಆ ಪ್ರಯೋಗಗಳ ಸರಾಸರಿ ಮೇಲೆ ಇಡೀ ಪಂಚಾಯಿತಿಗೆ ಪರಿಹಾರ ಬರುತ್ತದೋ ಇಲ್ಲವೋ ತೀರ್ಮಾನ. ನಾನು ಸುಮ್ನೆ ಉದಾಹರಣೆಗೆ ಅಂತ ಬೋರ್ಡಿನ ಮೇಲೆ 8, 10, 12, 14 ಕೆಜಿ ಅಂತ ಬರೆದೆ. ಸರಾಸರಿ 11, ಅಂದರೆ ಹೆಕ್ಟೇರಿಗೆ 44 ಕ್ವಿಂಟಲ್. ಆದರೆ ನಾಲ್ಕೇ ಮಾಹಿತಿ ಇದ್ದಾಗ 95% ವಿಶ್ವಾಸಾಂತರ, ಅಂದರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ, ಹಾಕಿದರೆ ಅದು ಸುಮಾರು 28ರಿಂದ 60 ಕ್ವಿಂಟಲ್‌ವರೆಗೆ ಹರಡಿಕೊಳ್ಳುತ್ತದೆ. ಕೋಣೆ ಸ್ವಲ್ಪ ಹೊತ್ತು ಸದ್ದಿಲ್ಲದೆ ಇತ್ತು. ಗೂಟ ತಂದಿದ್ದ ಸರ್ ಮೆಲ್ಲಗೆ ಅಂದರು, "ನಾನು ಇಷ್ಟು ವರ್ಷ ಕೊಯ್ದಿದ್ದೀನಿ, ಇದನ್ನ ನಂಗೆ ಯಾರೂ ಹೇಳಿರಲಿಲ್ಲ." ನನಗೂ ಹಗ್ಗದ ವಿಷಯ ಯಾರೂ ಹೇಳಿರಲಿಲ್ಲ ಅಂದೆ. ಕೃಷಿ ವಿಶ್ವವಿದ್ಯಾಲಯದ ಕಡೆಯವರು ಅಲ್ಲಿಂದ ಎತ್ತಿಕೊಂಡರು. ತಾಕು ತೀರಾ ಸಣ್ಣದಾದರೆ ಅಂಚಿನ ಪೈರು ಒಳಗೆ ಸೇರಿಕೊಂಡು ಇಳುವರಿ ಜಾಸ್ತಿ ತೋರಿಸುತ್ತದೆ, 1940ರ ದಶಕದಲ್ಲೇ ಪಿ.ವಿ. ಸುಖಾತ್ಮೆ ಇದನ್ನು ತೋರಿಸಿದ್ದರು ಅಂತ ವಿವರಿಸಿದರು. 5 ಮೀಟರ್ ಯಾಕೆ, 1 ಮೀಟರ್ ಯಾಕಲ್ಲ ಅನ್ನುವುದಕ್ಕೆ ನಮ್ಮ ಸರ್‌ಗೆ ಅವತ್ತು ಉತ್ತರ ಸಿಕ್ಕಿತು. ಚಹಾ ತಣ್ಣಗಾಗಿ ಎರಡನೇ ಸಲ ಬಿಸಿ ಮಾಡಿಸಿದೆವು.

ನನ್ನ ಪ್ರಕಾರ ವೃತ್ತಿಯಲ್ಲಿ ಬೆಳೆಯುವುದು ಅಂದರೆ ಇದು. ಗದ್ದೆಯಲ್ಲಿ ನಿಂತವರಿಗೆ ಸೂತ್ರ ಸಿಗಬೇಕು, ಸೂತ್ರ ಗೊತ್ತಿರುವವರ ಕಾಲಿಗೆ ಕೆಸರು ತಾಗಬೇಕು. ಅದಕ್ಕೆ ಇಬ್ಬರೂ ಒಂದೇ ಎತ್ತರದ ಕುರ್ಚಿಯಲ್ಲಿ ಕೂರಬೇಕು.

ಈ ನೆಲಕ್ಕೆ ಇದೇನೂ ಹೊಸದಲ್ಲ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಭೂಕಂದಾಯಕ್ಕೆ ಶಿಸ್ತು ಮಾಡಿದ ಕತೆ ನಮಗೆಲ್ಲ ಗೊತ್ತು. ಹೇಗೆ ಮಾಡಿದ ಅಂತ ಕೇಳಿದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಊರೂರಲ್ಲಿ ಒಂದೊಂದು ಬಗೆಯ ಜಮೀನಿಗೆ ಒಂದೊಂದು ತುಂಡು ಆರಿಸಿ, ಸರ್ಕಾರದ ಖರ್ಚಿನಲ್ಲೇ 12 ವರ್ಷ ಬೆಳೆಸಿ, ಬಿತ್ತಿದ್ದೆಷ್ಟು, ಬೆಳೆದಿದ್ದೆಷ್ಟು, ಬೆಲೆ ಎಷ್ಟು ಅಂತ ಬರೆಸಿದನಂತೆ. ಆಮೇಲೆ ಕಂದಾಯ ನಿಗದಿ. ಈಗಿನ ಬೆಳೆ ವಿಮೆಯಲ್ಲಿ ಹಿಂದಿನ 7 ವರ್ಷದಲ್ಲಿ ಒಳ್ಳೆಯ 5 ವರ್ಷದ ಸರಾಸರಿ ತೆಗೆಯುತ್ತಾರೆ. ಅವನು 12 ವರ್ಷ ಕಾದ. ಒಳ್ಳೆ ಮಳೆ, ಕೆಟ್ಟ ಮಳೆ ಎರಡೂ ಅದರಲ್ಲಿ ಸೇರಿತು. ಅವನ ಅರಮನೆ ಮುಂದೆ ದಿನಾ ಓಡಾಡುವ ನನ್ನ ವಿದ್ಯಾರ್ಥಿಗಳಿಗೆ ಈ ಮಾತು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ನೆಟ್‌ವರ್ಕಿಂಗ್ ಅನ್ನುವ ಪದ ನನಗೆ ಮೊದಲು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಕಾರ್ಡ್ ಕೊಟ್ಟು ಕೈ ಕುಲುಕುವುದು ಅಂದುಕೊಂಡಿದ್ದೆ. ಅಭಿಪ್ರಾಯ ಬದಲಾಗಿದ್ದು ಸಿ.ಆರ್. ರಾವ್ ಅವರ ಕತೆ ಓದಿದ ಮೇಲೆ. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಗಣಿತದಲ್ಲಿ ಎಂ.ಎ. ಮಾಡಿ ಕೆಲಸ ಹುಡುಕಿಕೊಂಡು ಒಂದು ಸಂದರ್ಶನಕ್ಕೆ ಕಲ್ಕತ್ತಾಗೆ ಹೋದರು. ಅಲ್ಲಿ ಉಳಿದುಕೊಂಡಿದ್ದ ಹೋಟೆಲಿನಲ್ಲಿ ಒಬ್ಬ ಯುವಕ ಸಿಕ್ಕ. ಅವನು ಐಎಸ್‌ಐನಲ್ಲಿ ತರಬೇತಿಗೆ ಬಂದವನು. ಅಂಥದ್ದೊಂದು ಸಂಸ್ಥೆ ಇದೆ ಅಂತ ರಾವ್ ಅವರಿಗೆ ಗೊತ್ತಾಗಿದ್ದೇ ಅವನಿಂದ. 1941ರ ಜನವರಿಯಲ್ಲಿ ಸೇರಿದರು. 1945ರಲ್ಲಿ, 25 ತುಂಬುವ ಹೊತ್ತಿಗೆ, ಇವತ್ತಿಗೂ ಪ್ರಪಂಚದ ಎಲ್ಲೆಡೆ ಸಂಖ್ಯಾಶಾಸ್ತ್ರ ಪುಸ್ತಕಗಳಲ್ಲಿರುವ ಫಲಿತಾಂಶ ಬರೆದರು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಆ ಹೋಟೆಲಿನಲ್ಲಿ ಆ ಯುವಕ ಇಲ್ಲದೇ ಹೋಗಿದ್ದರೆ?

ನಮ್ಮ ಕೋಣೆಯಲ್ಲೂ ಹಾಗೆ ಒಂದು ಆಯಿತು. ಹೊಸನಗರ ಕಡೆಯ ಹುಡುಗಿ, ಬಿ.ಎಸ್ಸಿ. ಕೊನೆ ವರ್ಷ. ಡಿಗ್ರಿ ಆದ ಮೇಲೆ ಬಿ.ಎಡ್. ಬಿಟ್ಟರೆ ಬೇರೆ ದಾರಿ ಇಲ್ಲ ಅಂದುಕೊಂಡಿದ್ದಳು. ಅವತ್ತು ಬಂದಿದ್ದ ಅಧಿಕಾರಿಯೊಬ್ಬರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಬಗ್ಗೆ ಹೇಳಿದರು. 1961ರಿಂದ ಇರುವ ಸೇವೆ, ಯುಪಿಎಸ್‌ಸಿ ಪರೀಕ್ಷೆ, ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದರೆ ಸಾಕು. ಅವಳು ಅದನ್ನು ಮೂರು ಸಲ ಕೇಳಿಸಿಕೊಂಡಳು. "ಮೇಡಂ, ಇದನ್ನ ನೀವ್ಯಾಕೆ ಕ್ಲಾಸಲ್ಲಿ ಹೇಳ್ಲಿಲ್ಲ?" ಅಂದಳು. ಆ ಪ್ರಶ್ನೆ ನನಗೆ ತಾಗಿತು. ಈಗ ಪ್ರತಿ ವರ್ಷ ಮೊದಲ ದಿನವೇ ಹೇಳುತ್ತೇನೆ. ಅವಳು ಓದುತ್ತಿದ್ದಾಳೆ.

ಬೇರೆ ದಿನಗಳ ಮಾತೂ ಇದೆ. ಅಡಿಕೆ ವ್ಯಾಪಾರದ ಮನೆಯವರೊಬ್ಬರು ದಿನದ ಧಾರಣೆ ಬರೆದಿಟ್ಟ ಪುಸ್ತಕ ತಂದಿದ್ದರು. ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನುವ ಅಡಿಕೆಯ ಬಗೆಗಳನ್ನೆಲ್ಲ ಸೇರಿಸಿ ಒಂದೇ ಸರಾಸರಿ ತೆಗೆದರೆ ಏನಾಗುತ್ತದೆ ಅಂತ ಅವತ್ತು ನೋಡಿದೆವು. ಒಂದೊಂದರ ಬೆಲೆಯೂ ಇಳಿದಿದ್ದರೂ, ಆ ತಿಂಗಳು ಎಲ್ಲಕ್ಕಿಂತ ದುಬಾರಿಯಾದ ಸರಕು ಅಡಿಕೆ ಜಾಸ್ತಿ ಬಂದಿದ್ದರೆ ಒಟ್ಟು ಸರಾಸರಿ ಏರಿದ ಹಾಗೆ ಕಾಣಬಹುದು. ಇನ್ನೊಂದು ದಿನ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ, ಕಾಡಿನ ಹೆಸರೇ ರೋಗಕ್ಕೆ ಬಂತು. ಸಣ್ಣ ಊರಲ್ಲಿ 2 ಇದ್ದದ್ದು 6 ಆದರೆ "ಮೂರು ಪಟ್ಟು" ಅಂತ ಸುದ್ದಿ ಆಗುತ್ತದೆ. ಸಣ್ಣ ಸಂಖ್ಯೆ ಎಷ್ಟು ಜಿಗಿಯುತ್ತದೆ, ಯಾವಾಗ ಹೆದರಬೇಕು, ಯಾವಾಗ ಕಾಯಬೇಕು ಅನ್ನುವ ಚರ್ಚೆ ಎರಡು ಗಂಟೆ ನಡೆಯಿತು. ಕಾಯಿಲೆ ಬಂದ ಮನೆ ನೋಡಿದವರು ಕೋಣೆಯಲ್ಲೇ ಇದ್ದರು. ಹಾಗಾಗಿ ಯಾರೂ ಅದನ್ನು ಬರೀ ಅಂಕಿ ಅಂತ ಮಾತಾಡಲಿಲ್ಲ.

ಈಗ ಕೆಲವರು ಹೇಳುತ್ತಿದ್ದಾರೆ, ಸಂಘ ನೋಂದಣಿ ಮಾಡಿಸಿ, ಅಧ್ಯಕ್ಷರು, ಕಾರ್ಯದರ್ಶಿ ಇರಲಿ, ವರ್ಷಕ್ಕೊಂದು ದೊಡ್ಡ ಸಮಾವೇಶ ಮಾಡೋಣ ಅಂತ. ಅವರ ಪ್ರೀತಿ ನನಗೆ ಅರ್ಥ ಆಗುತ್ತದೆ. ನೋಂದಣಿ ಬೇಕಾದರೆ ಆಗಲಿ. ಜೂನ್ 29, ಮಹಾಲನೋಬಿಸ್ ಹುಟ್ಟಿದ ದಿನ, ಸಾಂಖ್ಯಿಕ ದಿನಾಚರಣೆಗೆ ವರ್ಷಕ್ಕೊಮ್ಮೆ ವೇದಿಕೆ ಹಾಕೋಣ, ಶಾಲೆ ಮಕ್ಕಳನ್ನೂ ಕರೆಯೋಣ. ಆದರೆ ತಿಂಗಳ ಕೂಟಕ್ಕೆ ವೇದಿಕೆ ಬೇಡ. ವೇದಿಕೆ ಬಂದ ಕೂಡಲೇ "ನನಗೆ ಇದು ಗೊತ್ತಾಗ್ತಿಲ್ಲ" ಅನ್ನುವ ಮಾತು ನಿಂತುಹೋಗುತ್ತದೆ. ಅಧಿಕಾರಿ ಮುಂದೆ ನೌಕರ ಹೇಳಲ್ಲ, ಪ್ರೊಫೆಸರ್ ಮುಂದೆ ಲೆಕ್ಚರರ್ ಹೇಳಲ್ಲ.

ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಬೆಂಗಳೂರಿಗೆ ಹೋಗುತ್ತೇನೆ ಅಂದರೆ ಒಒಡಿ (ಕರ್ತವ್ಯದ ಮೇಲೆ ಹೋದ ಹಾಗೆ ಅನುಮತಿ) ಸಿಗುತ್ತದೆ, ಪ್ರಯಾಣ ಭತ್ಯೆ ಸಿಗುತ್ತದೆ. ತೀರ್ಥಹಳ್ಳಿಯ ಗದ್ದೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ ನಮಗೆ ಸ್ವಂತ ರಜೆ ಹಾಕಬೇಕಾಯಿತು. ಕಟಾವು ಕಾಲದಲ್ಲಿ ವರ್ಷಕ್ಕೆ ಒಂದೇ ಒಂದು ದಿನ ಕೊಡಿ. ಜಿಲ್ಲೆಯೊಳಗೆ ಕಲಿತದ್ದನ್ನೂ ಕಲಿಕೆ ಅಂತ ಲೆಕ್ಕಕ್ಕೆ ಹಿಡಿಯಿರಿ. 2027ರ ಜನಗಣತಿಗೆ ನಮ್ಮ ಶಿಕ್ಷಕರು ಮನೆಮನೆ ಸುತ್ತುತ್ತಾರೆ. ಅಂಕಿ ಹೇಗೆ ಹುಟ್ಟುತ್ತದೆ ಅಂತ ನೋಡಿದ ಹುಡುಗರು ಅವರ ಜೊತೆ ಇದ್ದರೆ ಎಷ್ಟು ಅನುಕೂಲ ಯೋಚನೆ ಮಾಡಿ.

ಬರುವ ಎರಡನೇ ಶನಿವಾರ ಬೆಳಿಗ್ಗೆ 10ಕ್ಕೆ ಸೇರುತ್ತೇವೆ. ಡೇಟಾ ಕೆಲಸ ಮಾಡುವ ಹುಡುಗರೊಬ್ಬರು ಅರ್ಧ ಗಂಟೆ ಅಂಕಿಅಂಶದ ಲೆಕ್ಕ ಮಾಡುವ ‘ಆರ್’ (R) ಸಾಫ್ಟ್‌ವೇರ್ ಹೇಳಿಕೊಡುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪ್ ಇದ್ದರೂ ಸಾಕು. ಆಮೇಲೆ ಹಸಿ ಭತ್ತ, ಒಣ ಭತ್ತದ ತೂಕದ ಲೆಕ್ಕ, ಹೋದ ಕಟಾವಿನಲ್ಲಿ ನಾವೇ ತೂಗಿ ಬರೆದದ್ದು. ಸೊರಬದಿಂದ ಒಬ್ಬ ಹುಡುಗ ಮೊದಲ ಬಸ್ಸಿಗೇ ಹೊರಡುತ್ತೇನೆ ಅಂದಿದ್ದಾನೆ. ಬಿಡಿಸಲಾಗದೆ ಮಡಚಿಟ್ಟ ಹಾಳೆ ನಿಮ್ಮ ಬ್ಯಾಗಿನಲ್ಲೂ ಇದ್ದರೆ ತನ್ನಿ. ಹಗ್ಗ, ಗೂಟ ನಮ್ಮ ಸರ್ ತರುತ್ತಾರೆ.