ಬ್ರೂಸ್ ಡಿಕಿನ್ಸನ್ ಬಾಯಿ ಮುಚ್ಚಿಕೊಂಡು ಹಾಡಬೇಕಿತ್ತೇ?

ಬೆಳಗಾವಿಯಲ್ಲಿ ಹೆವಿ ಮೆಟಲ್ ಸಂಗೀತ ಕೇಳುವವರ ಗುಂಪು ದೊಡ್ಡದೇನಲ್ಲ. ನಮ್ಮ ಬಳಗವಂತೂ ಟಿಳಕವಾಡಿಯ ಒಂದು ಚಹಾದಂಗಡಿಯ ಎರಡು ಬೆಂಚುಗಳಲ್ಲಿ ಹಿಡಿಸಿಬಿಡುತ್ತದೆ. ಆದರೆ ಐರನ್ ಮೇಡನ್ ಎಂಬ ಬ್ರಿಟಿಷ್ ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್‌ನ ಸ್ವಭಾವದ ಮಾತು ಎದ್ದರೆ ಆ ಎರಡು ಬೆಂಚುಗಳು ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷದ ಪ್ರಕಾರ ಆತ ದುರಹಂಕಾರಿ, ಟಿಕೆಟ್ ಕೊಂಡು ಬಂದ ಅಭಿಮಾನಿಗಳನ್ನೇ ಬೈಯುವವನು, ಹಾಡುವುದನ್ನು ಬಿಟ್ಟು ಊರ ಉಸಾಬರಿಯನ್ನೆಲ್ಲ ಮೈಮೇಲೆ ಎಳೆದುಕೊಂಡವನು. ಇನ್ನೊಂದು ಪಕ್ಷಕ್ಕೆ ಆತ ಮಾಡಿದ್ದೆಲ್ಲ ಸರಿ. ನಾನು ನಡುವೆ ನಿಂತು ಚಹಾ ಕುಡಿಯುವವನು. ಮೊನ್ನೆ ಮಾತು ವಿಪರೀತಕ್ಕೆ ಹೋದಾಗ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ‘ಕಾಕಾ, ನೀವು ಯಾವ ಕಡೆ ಎಂದು ಒಮ್ಮೆ ಹೇಳಿಬಿಡಿ’ ಎಂದ. ಅಲ್ಲಿ ಹೇಳಲು ಯಾರೂ ಬಿಡಲಿಲ್ಲ. ಇಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲವಲ್ಲ, ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡಿಕಿನ್ಸನ್ ಹುಟ್ಟಿದ್ದು 1958ರಲ್ಲಿ, ಇಂಗ್ಲೆಂಡಿನ ವರ್ಕ್‌ಸಾಪ್ ಎಂಬ ಊರಿನಲ್ಲಿ. 1981ರಲ್ಲಿ ಐರನ್ ಮೇಡನ್ ಸೇರಿದ. ಬ್ಯಾಂಡ್ ಕಟ್ಟಿದವನು ಬಾಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್. ಅಂದಿನಿಂದ ಇಂದಿನವರೆಗೆ ಅಲ್ಲಿ ಕೊನೆಯ ಮಾತು ಅವನದೇ. ಡಿಕಿನ್ಸನ್‌ಗೆ ‘ವಾಯುದಾಳಿಯ ಸೈರನ್’ ಎಂದು ಅಡ್ಡಹೆಸರು ಬಿದ್ದಿದೆ. ಕೇಳಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಮೊದಲು ಆರೋಪಗಳು. 2022ರಲ್ಲಿ ಅಥೆನ್ಸ್‌ನ ಕಾರ್ಯಕ್ರಮದಲ್ಲಿ ಗುಂಪಿನೊಳಗೆ ಒಬ್ಬ ಹೊಗೆಯುಗುಳುವ ಪಟಾಕಿ ಹಚ್ಚಿದ. ಡಿಕಿನ್ಸನ್ ಅವನನ್ನು ವೇದಿಕೆಯಿಂದಲೇ ಹಿಗ್ಗಾಮುಗ್ಗಾ ಬೈದ. ಆ ವಿಡಿಯೊ ನಮ್ಮ ಗುಂಪಿನಲ್ಲಿ ಎಲ್ಲರ ಮೊಬೈಲ್‌ನಲ್ಲೂ ಇದೆ. ಬೈಗುಳದ ಭಾಷೆ ಹೊಲಸು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ತಾರಸ್ಥಾಯಿಯಲ್ಲಿ ಉಸಿರು ಎಳೆದು ನಿಲ್ಲಿಸುವವನ ಗಂಟಲಿಗೆ, ಅದೂ ಒಮ್ಮೆ ಕ್ಯಾನ್ಸರ್ ದಾಟಿ ಬಂದ ಗಂಟಲಿಗೆ, ಹೊಗೆ ಬಿಟ್ಟರೆ ಆತ ಕೈ ಮುಗಿದು ವಿನಂತಿಸಿಕೊಳ್ಳಬೇಕು ಎನ್ನುವವರು ತಾವು ಎಂದೂ ನಾಲ್ಕು ಸಾಲು ಹಾಡಿದವರಲ್ಲ.

ಎರಡನೆಯದು ಬಾಯಿ. 2005ರಲ್ಲಿ ಅಮೆರಿಕದ ಓಜ್‌ಫೆಸ್ಟ್ ಎಂಬ ಸಂಗೀತೋತ್ಸವದ ಪ್ರವಾಸದಲ್ಲಿ ಹೆವಿ ಮೆಟಲ್‌ನ ಹಿರಿಯ ಗಾಯಕ ಓಜಿ ಆಸ್ಬೋರ್ನ್ ಆತಿಥೇಯನಂತಿದ್ದ. ಡಿಕಿನ್ಸನ್ ಅಲ್ಲಿಯೇ ವೇದಿಕೆಯ ಮೇಲೆ ರಿಯಾಲಿಟಿ ಟಿವಿಯ ಬಗ್ಗೆ ಚುಚ್ಚಿ ಮಾತನಾಡುತ್ತ ಬಂದ. ಆಸ್ಬೋರ್ನ್ ಕುಟುಂಬಕ್ಕೆ ರಿಯಾಲಿಟಿ ಟಿವಿಯಿಂದಲೇ ಎರಡನೆಯ ಕೀರ್ತಿ ಬಂದಿತ್ತೆಂಬುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಕೊನೆಯ ಕಾರ್ಯಕ್ರಮದಲ್ಲಿ ಮೇಡನ್ ಮೇಲೆ ಮೊಟ್ಟೆಗಳು ಬಿದ್ದವು, ನಡುನಡುವೆ ವಿದ್ಯುತ್ತೂ ಹೋಯಿತು. ಮೊಟ್ಟೆ ಎಸೆಸಿದ್ದು ಸಣ್ಣತನ, ಸರಿ. ಆದರೆ ಉಣಿಸಿದವರ ಮನೆಯಲ್ಲೇ ಉಂಡು ಅಡುಗೆ ಹಳಿಯುವ ಈ ಚಾಳಿ ಡಿಕಿನ್ಸನ್‌ಗೆ ಇದ್ದೇ ಇದೆ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವ ವಿಷಯವೂ ಹಾಗೆಯೇ: ಪರವಾಗಿ ಮತ ಹಾಕಿದವನು 2021ರಲ್ಲಿ ಟಿವಿಯ ಮುಂದೆ ಕುಳಿತು, ಸಂಗೀತಗಾರರಿಗೆ ಯುರೋಪಿನ ಪ್ರವಾಸ ಈಗ ಎಷ್ಟು ತ್ರಾಸಾಗಿದೆ ನೋಡಿ ಎಂದು ಸರ್ಕಾರದ ಮೇಲೆ ರೇಗಿದ. ಇದಕ್ಕೆ ನಮ್ಮ ಮೊದಲ ಬೆಂಚು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ನಾನೂ ನಕ್ಕೆ.

ಕಾರ್ಯಕ್ರಮದಲ್ಲಿ ಮೊಬೈಲ್ ಎತ್ತಿ ಹಿಡಿಯುವವರ ಮೇಲಿನ ಅವನ ಸಿಟ್ಟಿನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಅವನ ಕಡೆ. ಈ ವಿಷಯ ಮುಗಿಯಿತು.

ಇನ್ನು ಹವ್ಯಾಸಗಳು. ಇಲ್ಲಿ ಜಗಳ ಸ್ವಾರಸ್ಯಕರವಾಗುತ್ತದೆ, ಏಕೆಂದರೆ ನಮ್ಮ ಬಳಗದಲ್ಲಿ ಹತ್ತರಗಿಯ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಡಿಕಿನ್ಸನ್ ಮೊದಲು ಪೈಲಟ್, ಆಮೇಲೆ ಗಾಯಕ. ಹಾಡುಗಾರನೊಬ್ಬ ಶೋಕಿಗೆ ಸಣ್ಣ ವಿಮಾನ ಹಾರಿಸುವುದು ಬೇರೆ. ಈತ ಆಸ್ಟ್ರೇಯಸ್ ಎಂಬ ಬ್ರಿಟಿಷ್ ವಿಮಾನಯಾನ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿದು ಬೋಯಿಂಗ್ 757ರ ಕ್ಯಾಪ್ಟನ್ ಆದವನು. 2008ರಲ್ಲಿ ಎಕ್ಸ್‌ಎಲ್ ಎಂಬ ಪ್ರವಾಸಿ ವಿಮಾನ ಕಂಪನಿ ದಿವಾಳಿಯಾಗಿ ಈಜಿಪ್ಟಿನಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಪ್ರವಾಸಿಗರನ್ನು ಮನೆಗೆ ಕರೆತಂದ ಪೈಲಟ್‌ಗಳಲ್ಲಿ ಇವನೂ ಒಬ್ಬ. ಅದೇ ವರ್ಷದ ಆರಂಭದಲ್ಲಿ ಇಡೀ ಬ್ಯಾಂಡನ್ನು, ವಾದ್ಯ-ಸರಂಜಾಮುಗಳ ಸಮೇತ ಒಂದು 757ರಲ್ಲಿ ತುಂಬಿಕೊಂಡು ಜಗತ್ತು ಸುತ್ತಲು ಹೊರಟರು. ಆ ವಿಮಾನಕ್ಕೆ ‘ಎಡ್ ಫೋರ್ಸ್ ಒನ್’ ಎಂದು ಹೆಸರು. ಮೊದಲ ಕಾರ್ಯಕ್ರಮ ಎಲ್ಲಿ? ಫೆಬ್ರುವರಿ 1ರಂದು, ಮುಂಬೈಯಲ್ಲಿ. ಲಂಡನ್ನಿನಿಂದ ವಿಮಾನ ನಡೆಸಿಕೊಂಡು ಬಂದವನೇ ವೇದಿಕೆ ಹತ್ತಿ ಹಾಡಿದ. 2016ರ ಪ್ರವಾಸಕ್ಕೆ ಇನ್ನೂ ದೊಡ್ಡ 747 ಬೇಕಾಯಿತು. ಅದನ್ನು ಹಾರಿಸಲು ಬೇಕಾದ ತರಬೇತಿಯನ್ನು ಐವತ್ತೇಳರ ವಯಸ್ಸಿನಲ್ಲಿ ಮುಗಿಸಿಕೊಂಡ. ಹತ್ತರಗಿಯ ಗೆಳೆಯ ಇದನ್ನು ಹೇಳುವಾಗ ಅವನ ಧ್ವನಿಯಲ್ಲಿ ತನ್ನ ಸ್ವಂತ ಅಣ್ಣನೇ ಸಾಂಬ್ರಾದ ರನ್‌ವೇಯಲ್ಲಿ ಇಳಿದಂತಹ ಹೆಮ್ಮೆ ಇರುತ್ತದೆ.

ಇಷ್ಟು ಸಾಲದೆಂಬಂತೆ ಕತ್ತಿವರಸೆ, ಒಂದು ಕಾಲಕ್ಕೆ ಬಿಬಿಸಿ ರೇಡಿಯೊದಲ್ಲಿ ರಾಕ್ ಸಂಗೀತದ ಕಾರ್ಯಕ್ರಮ, ವಿಮಾನ ದುರಸ್ತಿಯ ಕಂಪನಿ, ಮೇಡನ್ ಹೆಸರಿನಲ್ಲಿ 2013ರಿಂದ ‘ಟ್ರೂಪರ್’ ಎಂಬ ಬಿಯರ್. ಈ ಪಟ್ಟಿ ಓದಿ ಮೊದಲ ಬೆಂಚು ಕೇಳುವ ಪ್ರಶ್ನೆ: ಇಷ್ಟೆಲ್ಲ ಮಾಡುವವನಿಗೆ ತಾಲೀಮಿಗೆ ಹೊತ್ತೆಲ್ಲಿ? ಧಾರವಾಡ-ಬೆಳಗಾವಿ ಕಡೆ ಬೆಳೆದವರಿಗೆ ಈ ಪ್ರಶ್ನೆ ಸಹಜ. ನಮ್ಮಲ್ಲಿ ಹಾಡುವವರೆಂದರೆ ಬೆಳಗಿನ ಜಾವ ಎದ್ದು ತಂಬೂರಿ ಹಿಡಿಯಬೇಕು, ಬೇರೆ ಯಾವುದಕ್ಕೂ ಕೈ ಹಾಕಬಾರದು. ಆದರೆ ಒಂದೇ ಗುರಿಯಲ್ಲಿ ಬಾಳು ಸವೆಸುವವರ ಅಳತೆಗೋಲನ್ನು ಒಂದೆಡೆ ಕೂತರೆ ಕೊಳೆತುಹೋಗುವ ಜಾಯಮಾನದವನಿಗೆ ಹಚ್ಚುವುದು ಅನ್ಯಾಯ. ನನಗೆ ಹೇಳಬೇಕಾಗಿರುವುದೂ ಇಷ್ಟೇ: ಆ ಬಾಯಿ, ಆ ವಿಮಾನ, ಆ ಚಡಪಡಿಕೆ ಇವನ್ನೆಲ್ಲ ಕಳೆದುಬಿಟ್ಟರೆ ಅವನ ಸ್ವಂತ ಆಲ್ಬಂಗಳು ಹುಟ್ಟುತ್ತಲೇ ಇರಲಿಲ್ಲ. ಆ ಆಲ್ಬಂಗಳನ್ನು ನಮ್ಮ ಎರಡೂ ಬೆಂಚಿನವರು ಸರಿಯಾಗಿ ಕೇಳಿಲ್ಲ.

ಮೊದಲನೆಯದು, 1990ರ ‘ಟ್ಯಾಟೂಡ್ ಮಿಲಿಯನೇರ್’, ರಜೆಯ ದಿನದ ಕೆಲಸ. ಚೆನ್ನಾಗಿದೆ, ಹಗುರವಾಗಿದೆ, ಮುಂದೆ ಹೋಗೋಣ. ಅದಕ್ಕೂ ಮೊದಲು, 1989ರಲ್ಲಿ, ಒಂದು ಭಯಾನಕ ಸಿನಿಮಾಕ್ಕೆಂದು ಅವನು ಸ್ವಂತವಾಗಿ ಒಂದು ಹಾಡು ಮಾಡಿದ್ದ, ‘ಬ್ರಿಂಗ್ ಯುವರ್ ಡಾಟರ್ ಟು ದ ಸ್ಲಾಟರ್’. ಸ್ಟೀವ್ ಹ್ಯಾರಿಸ್ ಅದನ್ನು ಕೇಳಿ ಮೆಚ್ಚಿ ಮೇಡನ್‌ಗೆ ಎತ್ತಿಕೊಂಡ. 1991ರ ಜನವರಿಯಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೇಡನ್‌ನ ಯಾವ ಸಿಂಗಲ್ ಕೂಡ ಅದಕ್ಕೆ ಮೊದಲಾಗಲಿ ಆಮೇಲಾಗಲಿ ಅಲ್ಲಿಗೆ ಮುಟ್ಟಿಲ್ಲ. ‘ಬ್ಯಾಂಡ್ ಇಲ್ಲದಿದ್ದರೆ ಅವನೇನು’ ಎನ್ನುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಲಿ.

1993ರಲ್ಲಿ ಅವನು ಬ್ಯಾಂಡ್ ಬಿಟ್ಟ. ಅನ್ನ, ಹೆಸರು, ದೊಡ್ಡ ಮೈದಾನಗಳು ಎಲ್ಲವೂ ಅಲ್ಲಿದ್ದವು. 1994ರ ‘ಬಾಲ್ಸ್ ಟು ಪಿಕಾಸೊ’ ಆಲ್ಬಂನಲ್ಲಿ ‘ಟಿಯರ್ಸ್ ಆಫ್ ದ ಡ್ರ್ಯಾಗನ್’ ಇದೆ. ಗಿಟಾರ್ ಕಲಿಯುವ ಹುಡುಗರೆಲ್ಲ ಅದೊಂದನ್ನೇ ನುಡಿಸುತ್ತಾರೆ, ಅದೊಂದನ್ನೇ ಕೇಳಿ ಡಿಕಿನ್ಸನ್‌ನ ಸ್ವಂತ ಸಂಗೀತ ಗೊತ್ತು ಎನ್ನುತ್ತಾರೆ. ಹಾಡು ಸುಂದರವೇ. ಆಮೇಲೆ 1996ರಲ್ಲಿ ಕೂದಲು ಕತ್ತರಿಸಿಕೊಂಡು, ನಿರ್ವಾಣಾ ಬ್ಯಾಂಡಿನ ಮೊದಲ ಆಲ್ಬಂ ಧ್ವನಿಮುದ್ರಿಸಿದ ಜ್ಯಾಕ್ ಎಂಡಿನೊನನ್ನು ಕರೆತಂದು, ‘ಸ್ಕಂಕ್‌ವರ್ಕ್ಸ್’ ಮಾಡಿದ. ಹೊಸ ಹುಡುಗರೊಂದಿಗೆ ಹೊಸ ಬ್ಯಾಂಡ್ ಎಂದು ಕರೆಸಿಕೊಳ್ಳುವ ಆಸೆ ಅವನಿಗಿತ್ತು. ಕಂಪನಿಯವರು ಅವನ ಹೆಸರನ್ನೇ ಹಾಕಿ ಮಾರಿದರು. ಹಳೆಯ ಅಭಿಮಾನಿಗಳಿಗೆ ಹಿಡಿಸಲಿಲ್ಲ. ನನಗೆ ಅರ್ಧ ಹಿಡಿಸಿತು.

ಇದೇ ಕಾಲದಲ್ಲಿ, 1994ರ ಡಿಸೆಂಬರಿನಲ್ಲಿ, ಮುತ್ತಿಗೆಯಲ್ಲಿದ್ದ ಸರಾಯೆವೊಗೆ ಹೋಗಿ ಹಾಡಿದ. ಬೋಸ್ನಿಯಾದ ಆ ನಗರದ ಸುತ್ತಲಿನ ಬೆಟ್ಟಗಳಿಂದ ಗುಂಡು, ಶೆಲ್ಲುಗಳು ಬೀಳುತ್ತಿದ್ದ ಕಾಲ. ನೆರವು ಸಾಮಗ್ರಿ ಸಾಗಿಸುವವರ ಲಾರಿಯಲ್ಲಿ ಕತ್ತಲ ದಾರಿ ಹಿಡಿದು ಒಳಹೊಕ್ಕರು. ಜನಪ್ರಿಯತೆ ಇಳಿಮುಖವಾಗಿದ್ದ ಹೊತ್ತು ಅದು. ಹಣವೂ ಇಲ್ಲ, ಸುದ್ದಿಯೂ ಇಲ್ಲ. 2019ರಲ್ಲಿ ಆ ಊರು ಅವನನ್ನು ತನ್ನ ಗೌರವ ನಾಗರಿಕನನ್ನಾಗಿ ಮಾಡಿಕೊಂಡಿತು. ಅಥೆನ್ಸ್‌ನ ಬೈಗುಳದ ವಿಡಿಯೊ ಹಂಚುವವರು ಸರಾಯೆವೊದ ಮಾತು ಎತ್ತುವುದಿಲ್ಲ, ಸರಾಯೆವೊ ಎತ್ತುವವರು ಅಥೆನ್ಸ್ ಮರೆಸುತ್ತಾರೆ. ನನಗೆ ಎರಡರಲ್ಲಿಯೂ ಒಬ್ಬನೇ ಮನುಷ್ಯ ಕಾಣುತ್ತಾನೆ: ಪರಿಣಾಮ ಏನಾದೀತು ಎಂದು ಮುಂಚಿತವಾಗಿ ಲೆಕ್ಕ ಹಾಕಲು ಬಾರದವನು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1997ರಲ್ಲಿ ರಾಯ್ ಝಡ್ ಎಂಬ ಗಿಟಾರ್ ವಾದಕನ ಜೊತೆಗೂಡಿ, ಮೇಡನ್ ಬಿಟ್ಟಿದ್ದ ಏಡ್ರಿಯನ್ ಸ್ಮಿತ್‌ನನ್ನೂ ಕರೆದುಕೊಂಡು ‘ಆ್ಯಕ್ಸಿಡೆಂಟ್ ಆಫ್ ಬರ್ತ್’ ಮಾಡಿದ. ಮೇಡನ್‌ನ ಲಾಂಛನ-ಭೂತ ಎಡ್ಡಿಯನ್ನು ಬಿಡಿಸಿದ ಡೆರೆಕ್ ರಿಗ್ಸ್‌ನಿಂದಲೇ ಮುಖಪುಟಕ್ಕೆ ‘ಎಡಿಸನ್’ ಎಂಬ ವಿಕಾರ ಗೊಂಬೆ ಬರೆಸಿದ. ಎಡ್ಡಿಗೆ ‘ಸನ್’ ಹುಟ್ಟಿದನಂತೆ! ಮರುವರ್ಷ ಬಂದದ್ದು ‘ದ ಕೆಮಿಕಲ್ ವೆಡ್ಡಿಂಗ್’. ಅದರ ಬಗ್ಗೆ ನಾನು ಸಂಯಮದಿಂದ ಬರೆಯಲಾರೆ. ಲಂಡನ್ನಿನ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್‌ನ ಲೋಕವನ್ನು, ರಸವಾದಿಗಳ ಕುಲುಮೆಯನ್ನು ತಂದು ಗಿಟಾರ್‌ಗಳ ಮಂದ್ರದ ಗುಡುಗಿನ ಕೆಳಗೆ ಇಟ್ಟ ಆಲ್ಬಂ ಅದು. ಮುಖಪುಟದ ಚಿತ್ರವೂ ಬ್ಲೇಕ್‌ನದೇ. ‘ಜೆರುಸಲೇಂ’ ಹಾಡಿನಲ್ಲಿ ಬ್ಲೇಕ್‌ನ ಸಾಲುಗಳು ಬರುತ್ತವೆ; ಇಂಗ್ಲಿಷರು ಹಬ್ಬ-ಹುಣ್ಣಿಮೆಗೆ ಹಾಡಿ ಸವೆಸಿದ ಸಾಲುಗಳವು. ಡಿಕಿನ್ಸನ್ ಬಾಯಲ್ಲಿ ಅವು ಮೊದಲು ಪಿಸುಮಾತಿನಂತೆ ಶುರುವಾಗಿ, ಕೊನೆಗೆ ಯಾರನ್ನೋ ಎದುರುಹಾಕಿಕೊಂಡು ನಿಲ್ಲುತ್ತವೆ. ‘ಬುಕ್ ಆಫ್ ಥೆಲ್’ ಕೇಳಿ. ಕಿರುಚುವುದಕ್ಕೂ ಸ್ವರ ಏರಿಸುವುದಕ್ಕೂ ಇರುವ ಅಂತರ ಅಲ್ಲಿ ಕಿವಿಗೆ ನೇರವಾಗಿ ಗೊತ್ತಾಗುತ್ತದೆ.

ಅದೇ 1998ರಲ್ಲಿ ಮೇಡನ್ ಏನು ಮಾಡುತ್ತಿತ್ತು? ‘ವರ್ಚುವಲ್ ಇಲೆವೆನ್’ ಎಂಬ ಆಲ್ಬಂ. ಹಾಡಿದವನು ಬ್ಲೇಝ್ ಬೇಲಿ. ಪಾಪ, ಅವನ ಕಂಠ ಕೆಳಸ್ಥಾಯಿಯದು. ಡಿಕಿನ್ಸನ್‌ನ ಎತ್ತರದ ಹಾಡುಗಳನ್ನು ಅವನಿಂದ ಹಾಡಿಸಿದ್ದು ಅವನ ತಪ್ಪಲ್ಲ. ಆದರೆ ಎರಡು ಆಲ್ಬಂಗಳನ್ನು ಒಂದರ ಬೆನ್ನಿಗೆ ಒಂದು ಹಾಕಿ ಕೇಳಿದವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ಆ ವರ್ಷ ದೊಡ್ಡ ಹೆಸರು ಒಂದು ಕಡೆ ಇತ್ತು, ದೊಡ್ಡ ಸಂಗೀತ ಇನ್ನೊಂದು ಕಡೆ ಇತ್ತು. 1999ರಲ್ಲಿ ಡಿಕಿನ್ಸನ್ ಮತ್ತು ಸ್ಮಿತ್ ಇಬ್ಬರೂ ಮೇಡನ್‌ಗೆ ಮರಳಿದರು. ಬ್ಯಾಂಡ್ ಬದುಕಿತು. ಇದಕ್ಕೆ ಕೃತಜ್ಞನಾಗಿದ್ದೇನೆ, ಏಕೆಂದರೆ ಹಾಗಾಗದಿದ್ದರೆ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ನೋಡುವ ಭಾಗ್ಯ ನಮಗಿರುತ್ತಿರಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಆ ಬೋಗಿಯಲ್ಲಿ ಕಪ್ಪು ಟೀ ಶರ್ಟಿನ ನಮ್ಮನ್ನು ಕಂಡು ಯಾವುದೋ ಶೋಕದ ಮೆರವಣಿಗೆಗೆ ಹೊರಟವರೆಂದು ಭಾವಿಸಿದ ಅಜ್ಜಿಯ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಆದರೂ ನನ್ನ ಸಣ್ಣ ಕೊರಗು ಉಳಿದಿದೆ. 2005ರ ‘ಟಿರನಿ ಆಫ್ ಸೋಲ್ಸ್’ ಆದ ಮೇಲೆ ಮುಂದಿನ ಸ್ವಂತ ಆಲ್ಬಂಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ನಡುವೆ ಕ್ಯಾನ್ಸರ್ ಬಂತು. ನಾಲಿಗೆಯ ಬುಡದಲ್ಲಿ ಗೆಡ್ಡೆ. 2015ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿತ್ತು. ಮೇ ತಿಂಗಳಲ್ಲಿ ವೈದ್ಯರು ಗುಣವಾಗಿದೆ ಎಂದರು. ಕಿಮೋ, ವಿಕಿರಣ ಎಲ್ಲ ಆದ ಮೇಲೆ ಆ ಶಾರೀರ ಮೊದಲಿನಂತಿಲ್ಲ ಎಂಬುದು ಮೊದಲ ಬೆಂಚಿನ ದೊಡ್ಡ ದೂರು. ನಿಜ, ಮೊದಲಿನಂತಿಲ್ಲ. ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಕ್ಷಯ ತಗುಲಿ ಒಂದು ಶ್ವಾಸಕೋಶ ಕೈಕೊಟ್ಟಿತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದ ಅವರು ಎದ್ದು ಬಂದಾಗ ಉದ್ದ ಉಸಿರಿನ ಹಾಡುಗಾರಿಕೆ ಬಿಟ್ಟು ತುಂಡು ತುಂಡು ಸ್ವರಪುಂಜಗಳಲ್ಲಿ ಹೊಸ ದಾರಿಯನ್ನೇ ಕಟ್ಟಿದರು. ‘ಮೊದಲಿನಂತಿಲ್ಲ’ ಎಂದು ಆಗಲೂ ಮುಖ ಸಿಂಡರಿಸಿದವರಿದ್ದರು. ಡಿಕಿನ್ಸನ್‌ನನ್ನು ಕುಮಾರರ ಸಾಲಿನಲ್ಲಿ ಕೂರಿಸುತ್ತಿಲ್ಲ, ಶಾಸ್ತ್ರೀಯ ಸಂಗೀತದ ಹಿರಿಯರು ದಯವಿಟ್ಟು ನನ್ನ ಮನೆಗೆ ಫೋನ್ ಮಾಡಬೇಡಿ. ರೋಗ ದಾಟಿದ ಕಂಠವನ್ನು ಹಳೆಯ ಕ್ಯಾಸೆಟ್ಟಿಗೆ ಹೋಲಿಸಿ ಅಂಕ ಕೊಡುವ ಚಾಳಿ ಈ ಸೀಮೆಯವರಿಗೆ ಒಪ್ಪುವುದಿಲ್ಲ ಎನ್ನುತ್ತಿದ್ದೇನೆ, ಅಷ್ಟೆ.

2024ರ ಮಾರ್ಚ್ 1ರಂದು ಬಂದ ‘ದ ಮ್ಯಾಂಡ್ರೇಕ್ ಪ್ರಾಜೆಕ್ಟ್’ ಬಗ್ಗೆ ನಮ್ಮಲ್ಲಿ ಇನ್ನೂ ಕದನ ವಿರಾಮವಿಲ್ಲ. ಆಲ್ಬಂ ಜೊತೆಗೆ ಕಾಮಿಕ್ಸ್ ಸರಣಿಯೂ ಬಂತು. ಕಾಮಿಕ್ಸ್ ಓದದೆ ಆಲ್ಬಂ ಅರ್ಥವಾಗುವುದಿಲ್ಲ ಎನ್ನುವ ಹುಡುಗರ ಮಾತು ನನಗೆ ಒಪ್ಪಿಗೆಯಿಲ್ಲ. ಹಾಡು ತನ್ನ ಕಾಲ ಮೇಲೆ ನಿಲ್ಲಬೇಕು. ಕೆಲವು ನಿಲ್ಲುತ್ತವೆ. ‘ಎಟರ್ನಿಟಿ ಹ್ಯಾಸ್ ಫೇಲ್ಡ್’ ಮೂಲತಃ ಅವನು ತನಗಾಗಿ ಮಾಡಿಕೊಂಡ ಹಾಡು; 2015ರ ಮೇಡನ್ ಆಲ್ಬಂಗೆ ಹೋಗಿ, ಈಗ ಬೇರೆ ಉಡುಪಿನಲ್ಲಿ ಮನೆಗೆ ಮರಳಿದೆ. ಮೇಡನ್ ರೂಪವೇ ನನಗೆ ಹೆಚ್ಚು ಇಷ್ಟ. ಆದರೆ ಕೊನೆಯ ‘ಸೊನಾಟಾ’ ಸುಮಾರು ಹತ್ತು ನಿಮಿಷದ್ದು. ಅಲ್ಲಿ ಅವನು ನಡುಗುವ ಅಂಚಿನಲ್ಲಿ ಸ್ವರ ಇಟ್ಟು ಹಾಡಿದ್ದಾನೆ. 1982ರ ಆ ಸೈರನ್‌ಗೆ ಅದು ಸಾಧ್ಯವಿರಲಿಲ್ಲ.

ಆದ್ದರಿಂದ, ಹುಡುಗಾ, ಕೇಳಿದೆಯಲ್ಲ: ಬ್ರೆಕ್ಸಿಟ್ ವಿಷಯದಲ್ಲಿ ನಾನು ಮೊದಲ ಬೆಂಚು, ಪಟಾಕಿ ಹೊಗೆಯ ವಿಷಯದಲ್ಲಿ ಎರಡನೆಯದು. ‘ಕೆಮಿಕಲ್ ವೆಡ್ಡಿಂಗ್’ ವಿಷಯದಲ್ಲಿ ಇಬ್ಬರಿಗೂ ವಿರೋಧಿ. ಕೆಳಗೆ ಜಗಳಕ್ಕೆ ಬರುವವರು ಆ ಆಲ್ಬಂ ಆದಿಯಿಂದ ಅಂತ್ಯದವರೆಗೆ ಕೇಳಿ ಬನ್ನಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು. ‘ಟಿಯರ್ಸ್ ಆಫ್ ದ ಡ್ರ್ಯಾಗನ್’ ಒಂದೇ ಕೇಳಿದವರಿಗೆ ಇಲ್ಲಿ ಉತ್ತರ ಕೊಡಲಾಗುವುದಿಲ್ಲ.