ನಂಬರ್ ಬಂತೇನ್ರಿ?

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಮುಧೋಳದ ಕಡೆ ಇಬ್ಬರು ರೈತರು ಎದುರಾದಾಗ ಮೊದಲ ಮಾತು ಇದೇ: "ನಂಬರ್ ಬಂತೇನ್ರಿ?" ಹೊರಗಿನವರು ಲಾಟರಿ ಅಂದುಕೊಂಡಾರು. ಇದು ಕಬ್ಬು ಕಡಿಸುವ ಸರದಿ. ಕಾರ್ಖಾನೆಯಲ್ಲಿ ಹೆಸರು ಹಚ್ಚಿ ಕಾಯಬೇಕು. ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ.

"ಯಾವ ನಂಬರ್ ಹಚ್ಚೀರಿ?" ಅಂದರೆ ಅದು ತಳಿಯ ಪ್ರಶ್ನೆ. ಒಬ್ಬರು 265 ಅನ್ನುತ್ತಾರೆ, ಇನ್ನೊಬ್ಬರು 86032. ಈ ಎರಡನೆಯದು ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯದು. 86 ಅಂದರೆ 1986. ಅದಕ್ಕೆ ನಯನಾ ಅಂತ ಚೆಂದದ ಹೆಸರೂ ಇದೆ. ಹೊಲದಲ್ಲಿ ನಿಂತು ಹಾಗೆ ಕರೆದವರನ್ನು ನಾನಂತೂ ನೋಡಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಇನ್ನೂ ಮಜಾ. ಬೆಳಿಗ್ಗೆ ನಂಬರ್ ಹಚ್ಚಬೇಕು, ನಂಬರ್ ಬಂದಾಗ ಒಳಗೆ ಹೋಗಬೇಕು, "ನಂಬರ್ ಜಾಸ್ತಿ ಆಗೇತಿ" ಅನ್ನಿಸಿಕೊಂಡು ಹೊರಗೆ ಬರಬೇಕು. ಯಾರಿಗೂ ಗೊಂದಲವಿಲ್ಲ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಸರ್ವೇ ನಂಬರ್. ಕದ್ದು ಮಾಡಿದ್ದು ಎರಡು ನಂಬರ್ ದಂಧೆ. ಓಸಿ ಜೂಜಿನ ನಂಬರಿನ ಮಾತು ಇಲ್ಲಿ ಬೇಡ ಬಿಡಿ.

ಇಂಗ್ಲಿಷಿನಲ್ಲೂ ಈ ಪದ ಸುಮ್ನೆ ಕೂತಿಲ್ಲ. ಹಾಡೂ ನಂಬರ್, ಪತ್ರಿಕೆಯ ಸಂಚಿಕೆಯೂ ನಂಬರ್, ವ್ಯಾಕರಣದ ಏಕವಚನ ಬಹುವಚನವೂ ನಂಬರ್. ಚಿಕ್ಕದಾಗಿ ಬರೆಯುವಾಗ ಎನ್ ಪಕ್ಕ ಒ ಹಾಕುತ್ತಾರೆ. ಆ ಪದದಲ್ಲಿ ಒ ಎಲ್ಲಿದೆ? ಅದು ಲ್ಯಾಟಿನ್‌ನ ನ್ಯೂಮೆರೊದಿಂದ ಉಳಿದದ್ದು. ಆದರೆ ಅವರಲ್ಲಿ ಒಬ್ಬನ ನಂಬರ್ ಬಂತು ಅಂದರೆ ಅವನ ಕತೆ ಮುಗಿಯಿತು ಅಂತ! ನಮ್ಮಲ್ಲಿ ನಂಬರ್ ಬಂದವನು ಪೇಡೆ ಹಂಚುವುದೊಂದು ಬಾಕಿ.

ಇದನ್ನೆಲ್ಲ ಬಿಟ್ಟು ಸಂಖ್ಯೆ ಅನ್ನಿ ಅನ್ನುವವರಿದ್ದಾರೆ. "ಸಂಖ್ಯೆ ಬಂತೇನ್ರಿ" ಅಂತ ಒಮ್ಮೆ ಕೇಳಿ ನೋಡಲಿ. ಪಾಳಿ ಅನ್ನಬಹುದಲ್ವಾ ಅಂದರೆ, ಹೌದು, ಕಾಲುವೆ ನೀರಿಗೆ ಇವತ್ತಿಗೂ ಪಾಳಿ ಅಂತಲೇ ಅನ್ನುತ್ತೇವೆ. ಅಲ್ಲಿ ಬಾಜೂ ಹೊಲದವನ ಜೊತೆ ಮಾತಾಡಿ ಒಂದು ತಾಸು ಆಚೀಚೆ ಮಾಡಿಕೊಳ್ಳಬಹುದು. ಕಾರ್ಖಾನೆಯ ಚೀಟಿಗೆ ಆ ಮಾತು ನಡೆಯುವುದಿಲ್ಲ. ಹಾಗಾಗಿ ಎರಡೂ ಇರಲಿ.

ನನ್ನ ತಕರಾರು ಪದದ ಮೇಲಲ್ಲ. ಚೀಟಿ ಹಿಡಿದವರು ಕಾಯುತ್ತಲೇ ಇರುವಾಗ ವಶೀಲಿ ಇದ್ದವರ ಕಬ್ಬು ಟ್ರ್ಯಾಕ್ಟರ್ ಏರಿ ಹೋಗುತ್ತದಲ್ಲ, ಅದಕ್ಕೆ ಯಾವ ನಂಬರ್ ಅನ್ನಬೇಕು?