ಒಂದೇ ಮರ, ಎರಡು ಹಕ್ಕಿ

ಸೂರಕ್ಕಿ, ಅದೇ ಮಕರಂದ ಕುಡಿಯೋ ಸನ್‌ಬರ್ಡ್, ಗುರುತು ಹಿಡಿಯೋದೇನು ಮಹಾ ಅಂದ್ಕೊಂಡಿದ್ದೆ. ಹೆಬ್ಬೆಟ್ಟಿನಷ್ಟು ಮೈ, ಬಾಗಿದ ಕೊಕ್ಕು, ಒಂದು ಕಡೆ ಕೂರದ ಚಡಪಡಿಕೆ, ಇನ್ನೇನು ಬೇಕು? ಪಶ್ಚಿಮ ಘಟ್ಟದಲ್ಲಿ ಎಲೆಯೆಲ್ಲ ಉದುರಿಸ್ಕೊಂಡು ಬರೀ ಕೆಂಪು ಹೂ ಹೊತ್ತು ನಿಂತಿದ್ದ ಒಂದು ಹಾಲುವಾಣದ ಮರದ ಕೆಳಗೆ ಕತ್ತೆತ್ತಿ ನೋಡಿ ನೋಟ್‌ಬುಕ್ಕಲ್ಲಿ ಬರ್ಕೊಂಡೆ: ಪುಟ್ಟ ಹಕ್ಕಿ, ಪೂರ್ತಿ ಕಪ್ಪು. ಎರಡು ನಿಮಿಷ ಆಗಿರ್ಬೇಕು, ಆಚೆ ಗೊಂಚಲಲ್ಲಿ ಬಿಸಿಲಿಗೆ ಮೈ ತಿರುಗಿಸಿ ಒಂದು ಕೂತಿತ್ತು, ನೆತ್ತಿ ಹಸಿರು, ಗಂಟಲು ನೇರಳೆ, ಬೆನ್ನು ಕಡುಗೆಂಪು, ಹೊಟ್ಟೆ ಹಳದಿ, ಖುಷಿಯಾಗಿ ಅದನ್ನೂ ಬೇರೆ ಹಕ್ಕಿ ಅಂತ ಬರೆದೆ. ಮರದಲ್ಲಿ ಇದ್ದಿದ್ದು ಒಂದೇ.

ಆ ಮಿಂಚೋ ಹಸಿರು, ನೇರಳೆ ಇದ್ಯಲ್ಲ, ಅದು ಗರಿಗೆ ಬಳಿದ ಬಣ್ಣ ಅಲ್ಲ. ಗರಿಯೊಳಗಿನ ತೆಳು ಪದರಗಳಿಗೆ ಬೆಳಕು ತಾಗಿ ಹುಟ್ಟೋದು, ಸೋಪಿನ ಗುಳ್ಳೆ ಮೇಲೆ ಬಣ್ಣ ಓಡಾಡುತ್ತಲ್ಲ ಹಂಗೆ. ಹಕ್ಕಿ ಕತ್ತು ಒಂಚೂರು ತಿರುಗಿಸಿದ್ರೆ ದೀಪ ಆರಿಸಿದಂಗೆ ಕಪ್ಪು. ಬುಕ್ಕಲ್ಲಿರೋ ಚಿತ್ರದ ಹಕ್ಕಿ ಮಾತ್ರ ಯಾವಾಗ್ಲೂ ಬಿಸಿಲಲ್ಲೇ ಕೂತಿರುತ್ತೆ ನೋಡಿ.

ಜೊತೆಗಿದ್ದವರು "ಹಮ್ಮಿಂಗ್‌ಬರ್ಡ್ ಹಮ್ಮಿಂಗ್‌ಬರ್ಡ್" ಅಂದ್ರು. ಎಷ್ಟು ಸಲ ಹೇಳೋದು, ಅದು ಅಮೆರಿಕ ಖಂಡಗಳು ಬಿಟ್ಟು ಬೇರೆಲ್ಲೂ ಇಲ್ಲ. ಅದು ಗಾಳೀಲಿ ನಿಂತು ಕುಡಿಯುತ್ತೆ, ನಮ್ಮದು ಹೆಚ್ಚಾಗಿ ಕೊಂಬೆ ಹಿಡ್ಕೊಂಡು, ಬೇಕಾದ್ರೆ ತಲೆಕೆಳಗಾಗಿ ಜೋತು ಬಿದ್ದು ಕುಡಿಯುತ್ತೆ. ಹೂವಿನ ಕೊಳವೆ ಉದ್ದ ಇದ್ದು ಕೊಕ್ಕು ಮುಟ್ಟದಿದ್ರೆ ಬುಡಕ್ಕೇ ತೂತು ಹಾಕಿ ಮಕರಂದ ಎಳ್ಕೊಳ್ಳೋ ಕಳ್ಳಾಟವೂ ಗೊತ್ತು, ಪರಾಗ ಹೊರೋ ಬಾಡಿಗೆ ಕೊಡದೇನೇ.

ಮನೆ ಕೈತೋಟದ ದಾಸವಾಳಕ್ಕೆ ಬರೋದು ಸಾಮಾನ್ಯವಾಗಿ ಪರ್ಪಲ್ ರಂಪ್ಡ್ ಅನ್ನೋ ಇನ್ನೊಂದು ಜಾತಿ ಸೂರಕ್ಕಿ. ಗಂಡಿನ ಬೆನ್ನು ಅದಕ್ಕೂ ಕೆಂಪು ಮಿಶ್ರಿತ ಕಂದು, ಹೊಟ್ಟೆ ಅದಕ್ಕೂ ಹಳದಿ, ಗೊಂದಲ ಆಗೋದೇ ಇಲ್ಲಿ. ನಾನು ನೋಡಿದ್ದು ಕ್ರಿಮ್ಸನ್ ಬ್ಯಾಕ್ಡ್, ಕೊಕ್ಕು ಬಾಲ ಎಲ್ಲ ಸೇರಿ 8 ಸೆಂಟಿಮೀಟರ್ ಆಸುಪಾಸು, ಪಶ್ಚಿಮ ಘಟ್ಟದ ಕಾಡು, ನೆರಳಿನ ಕಾಫಿ ಏಲಕ್ಕಿ ತೋಟ ಬಿಟ್ರೆ ಜಗತ್ತಲ್ಲಿ ಇನ್ನೆಲ್ಲೂ ಇಲ್ಲ. ಹಂಗಾಗಿ ಈಗ ನಾನು ಮೊದಲು ಮರ ನೋಡ್ತೀನಿ, ಹಾಲುವಾಣನಾ, ಬಂದಳಿಕೆ ಹೂ ಬಿಟ್ಟಿದೆಯಾ, ಸುತ್ತ ಕಾಡಿದೆಯಾ, ಆಮೇಲೆ ಹಕ್ಕಿ.

ಇನ್ನೊಂದು, ಎಲ್ಲರ ಕ್ಯಾಮೆರಾನೂ ಗಂಡಿನ ಹಿಂದೆ ಓಡ್ತಿರುತ್ತೆ, ಆದ್ರೆ ಅನುಮಾನ ಬಂದಾಗ ಹೆಣ್ಣನ್ನ ಹುಡುಕಬೇಕು. ಮಾಸಲು ಹಸಿರು ಮೈ, ಯಾರೂ ತಿರುಗಿ ನೋಡಲ್ಲ. ಅವತ್ತು ಕೆಳಗಿನ ಪೊದೇಲಿ ಅಂಥದ್ದೊಂದು ಕೊಕ್ಕಿಗೆ ಜೇಡರ ಬಲೆ ಸುತ್ಕೋತಾ ಇತ್ತು, ಗೂಡಿಗಿರ್ಬೇಕು, ನಾನೂ ಗಮನ ಕೊಟ್ಟಿರ್ಲಿಲ್ಲ. ಹಾರೋವಾಗ ರೆಕ್ಕೆ ಬಿಚ್ತು, ಬಾಲದ ಬುಡದಲ್ಲಿ ಒಂದು ಕೆಂಪು ಪಟ್ಟೆ. ಕ್ರಿಮ್ಸನ್ ಬ್ಯಾಕ್ಡ್ ಹೆಣ್ಣೇ ಅನ್ನೋಕೆ ಅಷ್ಟು ಸಾಕು.